ಮಗು ನುಂಗಿದ್ದು ನಾಣ್ಯವೇ, ಬ್ಯಾಟರಿಯೇ?

‘ಡಾಕ್ಟ್ರೇ, ಮಗು ಕಾಸು ನುಂಗಿಬಿಟ್ಟಿದೆ!’ ಎಂದು ಗಾಬರಿಯಿಂದ ಓಡಿಬರುವ ತಾಯಂದಿರನ್ನು ಮಕ್ಕಳ ವೈದ್ಯರು ಆಗಾಗ ಕಾಣುತ್ತಾರೆ. ಹಿಂದೆಯೇ ಬಂದ ಅಜ್ಜಿ, ‘ಎರಡು ಬಾಳೆಹಣ್ಣು ತಿನ್ನಿಸಿದ್ದೇವೆ, ಜಾರಿ ಹೋಗಿರಬಹುದಲ್ಲವೇ?’ ಎನ್ನುತ್ತಾರೆ. ಮಗು ಮಾತ್ರ ಏನೂ ಆಗದಂತೆ ಆಡುತ್ತಿರುತ್ತದೆ. ನಿಜವಾಗಿ ನುಂಗಿದೆಯೇ? ಅದು ಈಗ ಎಲ್ಲಿದೆ? ನುಂಗಿದ್ದು ಏನು? ಈ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು.

ಮೊದಲೆರಡಕ್ಕೆ ಉತ್ತರ ಹೇಳಲು ಒಂದು ಸರಳ ಉಪಕರಣವಿದೆ. ಅದೇ ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ. ವಿಮಾನ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿ ನಮ್ಮ ಮೈಮೇಲೆ ಆಡಿಸುತ್ತಾರಲ್ಲ, ಅಂಥದ್ದೇ. ವಿದೇಶಗಳ ಕೆಲವು ಆಸ್ಪತ್ರೆಗಳಲ್ಲಿ ಇದನ್ನು ಮಗುವಿನ ಗಲ್ಲದಿಂದ ಕಿಬ್ಬೊಟ್ಟೆಯವರೆಗೆ, ನಂತರ ಬೆನ್ನಿನ ಮೇಲೆ ನಿಧಾನವಾಗಿ ಆಡಿಸುತ್ತಾರೆ. ಲೋಹವಿದ್ದ ಕಡೆ ಅದು ‘ಕುಂಯ್’ ಎನ್ನುತ್ತದೆ. ನೋವಿಲ್ಲ, ಎಕ್ಸ್‌ರೇ ವಿಕಿರಣವೂ ಇಲ್ಲ. ನಾಣ್ಯದ ವಿಷಯದಲ್ಲಿ ಇದು ತಪ್ಪುವುದು ಬಹಳ ಕಡಿಮೆ. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದ ಅಲ್ಯೂಮಿನಿಯಂ ಚೂರನ್ನೂ ಇದು ಹಿಡಿಯಬಲ್ಲದು.

ಗುಂಡು ಹುಡುಕಿದ ಯಂತ್ರ

ಈ ಯಂತ್ರದ ಚರಿತ್ರೆ ಶುರುವಾದದ್ದೇ ರೋಗಿಯ ಹಾಸಿಗೆಯ ಬಳಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಆಗ ಎಕ್ಸ್‌ರೇ ಇನ್ನೂ ಇರಲಿಲ್ಲ. ದೇಹದೊಳಗಿನ ಗುಂಡನ್ನು ಹುಡುಕಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕವನ್ನು ತಯಾರಿಸಿ ತಂದರು. ಆದರೆ ವೈದ್ಯರು ಬಲಭಾಗದಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಭಾಗದಲ್ಲಿ. ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳೂ ಯಂತ್ರವನ್ನು ದಾರಿ ತಪ್ಪಿಸಿದುವೆಂದು ಹೇಳುತ್ತಾರೆ. ಗಾಯ ಕೀವು ತುಂಬಿ, ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು.

ಎರಡನೇ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಪತ್ತೆಹಚ್ಚಿದ ಈ ಯಂತ್ರ, ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ಹವ್ಯಾಸವಾಯಿತು. ಇಂಗ್ಲೆಂಡಿನಲ್ಲಿ ರಜೆಯ ದಿನ ಹೊಲಗಳಲ್ಲಿ ಇದನ್ನು ಹಿಡಿದು ನಡೆಯುವವರು ಬಹಳ ಮಂದಿ. 1992ರಲ್ಲಿ ಸಫೋಕ್ ಪ್ರಾಂತದ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ರೈತನೊಬ್ಬ ತನ್ನ ಸುತ್ತಿಗೆ ಕಳೆದುಕೊಂಡ. ಅದನ್ನು ಹುಡುಕಿಕೊಡಲು ಬಂದ ಸ್ನೇಹಿತನ ಯಂತ್ರ ಸದ್ದು ಮಾಡಿತು. ಅಗೆದರೆ ಸಿಕ್ಕಿದ್ದು ರೋಮನ್ನರ ಕಾಲದ ಚಿನ್ನ, ಬೆಳ್ಳಿ. ಸುಮಾರು 15,000 ನಾಣ್ಯಗಳು! ಸುತ್ತಿಗೆಯೂ ಸಿಕ್ಕಿತು.

ಈ ಹವ್ಯಾಸಿಗಳಿಗೆಲ್ಲ ಗೊತ್ತಿರುವ ಒಂದು ಮಾತನ್ನು ತಾಯ್ತಂದೆಯರೂ ತಿಳಿದಿರಬೇಕು: ‘ಇಲ್ಲಿ ಲೋಹವಿದೆ’ ಎಂದು ಯಂತ್ರ ಹೇಳುತ್ತದೆ, ‘ಇದು ಇಂಥದ್ದೇ’ ಎಂದು ಖಚಿತವಾಗಿ ಹೇಳಲಾರದು. ಅವರು ಅಗೆದು ನೋಡುತ್ತಾರೆ. ಮಗುವಿಗೆ ಎಕ್ಸ್‌ರೇ ತೆಗೆಯಬೇಕಾಗುತ್ತದೆ.

ಬ್ಯಾಟರಿಯಾದರೆ ಅಪಾಯ

ನುಂಗಿದ್ದು ನಾಣ್ಯವಾಗಿ, ಅದು ಹೊಟ್ಟೆಗೆ ಇಳಿದಿದ್ದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮಲದೊಡನೆ ಹೊರಬೀಳುತ್ತದೆ. ಅನ್ನನಾಳದಲ್ಲಿ ನಿಂತರೆ ಮಗು ಜೊಲ್ಲು ಸುರಿಸುತ್ತದೆ, ನುಂಗಲು ಕಷ್ಟಪಡುತ್ತದೆ, ವಾಂತಿ ಮಾಡುತ್ತದೆ. ಆಗ ವೈದ್ಯರು ಎಂಡೋಸ್ಕೋಪಿ ಮೂಲಕ ತೆಗೆಯುತ್ತಾರೆ. ತೊಂದರೆ ಕಾಣದಿದ್ದರೂ ಅಲ್ಲಿ 24 ಗಂಟೆಗಿಂತ ಹೆಚ್ಚು ಬಿಡುವುದಿಲ್ಲ.

ಗುಂಡಿ ಬ್ಯಾಟರಿಯ ಕಥೆಯೇ ಬೇರೆ. ಮನೆಗಳಲ್ಲಿ ಹೆಚ್ಚಾಗಿ ಬಳಸುವ ‘2032’ ಸಂಖ್ಯೆಯ ಬ್ಯಾಟರಿಯ ಅಗಲ 20 ಮಿಲಿಮೀಟರ್, ಹೆಚ್ಚುಕಡಿಮೆ ಈಗಿನ ಒಂದು ರೂಪಾಯಿ ನಾಣ್ಯದಷ್ಟೇ. ಇದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಗೋಡೆಯ ಮೂಲಕ ವಿದ್ಯುತ್ ಹರಿದು ಅಲ್ಲಿ ತೀವ್ರವಾದ ಕ್ಷಾರ ಉತ್ಪತ್ತಿಯಾಗುತ್ತದೆ. ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಹೋಗಬಹುದು. ಮುಂದೆ ತೂತಾಗಬಹುದು, ಪಕ್ಕದ ದೊಡ್ಡ ರಕ್ತನಾಳಕ್ಕೆ ಗಾಯ ತಗುಲಿ ಪ್ರಾಣವೇ ಹೋಗಬಹುದು. ಆಟಿಕೆಗೆ ಸಾಲದೆಂದು ತೆಗೆದಿಟ್ಟ ಹಳೆಯ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ಎಕ್ಸ್‌ರೇಯಲ್ಲಿ ಬ್ಯಾಟರಿಯ ಅಂಚು ಜೋಡಿ ಉಂಗುರದಂತೆ ಕಾಣುವುದರಿಂದ ವೈದ್ಯರು ಗುರುತಿಸುತ್ತಾರೆ. ಆದ್ದರಿಂದ ‘ನಾಣ್ಯವೇ ಇರಬೇಕು’ ಎಂಬ ಊಹೆಯ ಮೇಲೆ ಮನೆಯಲ್ಲಿ ಕಾಯುತ್ತಾ ಕೂರಬೇಡಿ.

ನೀವೇನು ಮಾಡಬೇಕು?

* ಮಗುವಿಗೆ ಉಸಿರುಕಟ್ಟಿ ಕೆಮ್ಮಲೂ ಆಗದಿದ್ದರೆ ಅದು ತಕ್ಷಣದ ಅಪಾಯ. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಹೆಗಲೆಲುಬುಗಳ ನಡುವೆ ಐದು ಸಲ ತಟ್ಟಿ. ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ.

* ಉಸಿರಾಟ ಸರಿಯಿದ್ದರೆ ಬೆರಳು ಹಾಕಿ ತೆಗೆಯಲು ಹೋಗಬೇಡಿ, ವಾಂತಿ ಮಾಡಿಸಬೇಡಿ.

* ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಬೇಡಿ. ಎಂಡೋಸ್ಕೋಪಿಗೆ ಅರಿವಳಿಕೆ ಕೊಡಬೇಕಾದಾಗ ಹೊಟ್ಟೆ ಖಾಲಿಯಿರುವುದು ಒಳ್ಳೆಯದು.

* ಗುಂಡಿ ಬ್ಯಾಟರಿಯೆಂಬ ಅನುಮಾನವಿದ್ದರೆ, ಮಗು ಒಂದು ವರ್ಷ ದಾಟಿದ್ದು, ನುಂಗಬಲ್ಲುದಾಗಿದ್ದು, ಘಟನೆ ನಡೆದು 12 ಗಂಟೆ ಮೀರಿರದಿದ್ದರೆ ಎರಡು ಟೀ ಚಮಚ ಜೇನುತುಪ್ಪವನ್ನು ಹತ್ತು ನಿಮಿಷಕ್ಕೊಮ್ಮೆ, ಹೆಚ್ಚೆಂದರೆ ಆರು ಸಲ ಕೊಡಬಹುದು. ಸುಡುವ ವೇಗವನ್ನು ಇದು ತಗ್ಗಿಸುತ್ತದೆ, ಅಷ್ಟೇ. ಜೇನು ಹುಡುಕುತ್ತಾ ತಡಮಾಡಬೇಡಿ, ದಾರಿಯಲ್ಲೇ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡ.

* ಎಂಡೋಸ್ಕೋಪಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗಿ. ಅದೇ ಬಗೆಯ ಇನ್ನೊಂದು ಬ್ಯಾಟರಿಯೋ, ಅದರ ಖಾಲಿ ಪೊಟ್ಟಣವೋ ಇದ್ದರೆ ಜೊತೆಗೊಯ್ಯಿರಿ.

* ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದ್ದರೂ ತಡಮಾಡುವಂತಿಲ್ಲ. ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇಂದು ಸಂಜೆಯೇ ಒಂದು ಕೆಲಸ ಮಾಡಿ. ರಿಮೋಟು, ಆಟಿಕೆ, ತೂಕದ ಯಂತ್ರ, ಕಾರಿನ ಕೀಲಿ, ಹಾಡುವ ಶುಭಾಶಯ ಪತ್ರ, ದೀಪಾವಳಿಗೆ ತಂದ ಬ್ಯಾಟರಿ ಹಣತೆ, ಇವುಗಳ ಮುಚ್ಚಳ ಭದ್ರವಾಗಿವೆಯೇ ಎಂದು ನೋಡಿ. ಸಡಿಲವಿದ್ದರೆ ಟೇಪು ಸುತ್ತಿ. ಹಳೆಯ ಬ್ಯಾಟರಿಗಳನ್ನು ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಗೆಟುಕದಂತೆ ಮೇಲಿಡಿ. ಮಗುವಿನ ಎದೆಯ ಮೇಲೆ ಲೋಹಶೋಧಕ ಆಡಿಸುವ ಪ್ರಸಂಗವೇ ನಿಮ್ಮ ಮನೆಗೆ ಬಾರದಿರಲಿ.