ಅಂಗಳಕ್ಕೆ ಕಲ್ಲು ಹಾಸುವ ಮುನ್ನ

ಮನೆಯ ಮುಂದಿನ ತೆರೆದ ಜಾಗಕ್ಕೆ ನಮ್ಮಲ್ಲಿ ಅಂಗಳವೆಂದು ಹೆಸರು. ಮಲೆನಾಡಿನಲ್ಲಿ ಅಡಿಕೆ ಒಣಗುವುದು ಅಲ್ಲಿ, ಬಯಲುಸೀಮೆಯಲ್ಲಿ ಕಾಳು ಹಸನಾಗುವುದು ಅಲ್ಲಿ. ಸಗಣಿ ಸಾರಿಸಿ ರಂಗೋಲಿ ಇಟ್ಟ ಆ ನೆಲ ಪೂರ್ತಿ ಮನೆಯೂ ಅಲ್ಲ, ಪೂರ್ತಿ ಬೀದಿಯೂ ಅಲ್ಲ. ಬೆಂಗಳೂರಿನಂಥ ನಗರದಲ್ಲಿ ಇಂದು ಅಂಗಳಕ್ಕೆ ಉಳಿದಿರುವ ಕೆಲಸ ಬಹುಮಟ್ಟಿಗೆ ಒಂದೇ: ಕಾರಿಗೆ ಜಾಗ ಕೊಡುವುದು.

ಹಳೆಯ ಪೇಟೆಯ ಮನೆಗಳಿಗೆ ಮುಂದೋಟವಿರಲಿಲ್ಲ. ಜಗಲಿ ಇಳಿದರೆ ಬೀದಿ. 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. 1898ರಲ್ಲಿ ಪ್ಲೇಗು ಎರಗಿದ ಮೇಲಂತೂ ಇಕ್ಕಟ್ಟಿನ ಕೇರಿ ಬಿಟ್ಟು ಗಾಳಿ ಬೆಳಕಿರುವ ಮನೆಗೆ ಹೋಗುವ ಹಂಬಲ ಹೆಚ್ಚಿತು. ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಗಳ ಮುಂದೆ ತೆಂಗು, ಸಂಪಿಗೆ, ಪಾರಿಜಾತ, ತುಳಸಿಕಟ್ಟೆ ಬಂದವು. 1983ರ ಕೊನೆಯಲ್ಲಿ ಮಾರುತಿ 800 ಬಂದು, 1991ರ ನಂತರ ಸಾಲದ ಬಾಗಿಲೂ ತೆರೆದುಕೊಂಡಾಗ, ಆರೋಗ್ಯಕ್ಕೆಂದು ಬಿಟ್ಟಿದ್ದ ಆ ಜಾಗಕ್ಕೆ ವಾಹನ ನುಗ್ಗಿತು. ಬೀದಿಯಲ್ಲಿ ಕಾರು ಬಿಡಲು ಸ್ಥಳವಿಲ್ಲದವರು ಅಂಗಳಕ್ಕೆ ಹಾಸು ಹಾಕಿಸುವುದನ್ನು ತಪ್ಪೆನ್ನಲಾಗದು. ಹೇಗೆ, ಯಾರಿಂದ ಹಾಕಿಸಬೇಕು ಎಂಬುದೇ ಪ್ರಶ್ನೆ.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಅಡಿ ಅಗಲ, 15 ಅಡಿ ಉದ್ದದ ಅಂಗಳವೆಂದರೆ ಸುಮಾರು 28 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಅಂದರೆ ಇಷ್ಟು ಪುಟ್ಟ ಅಂಗಳದ ಮೇಲೆ ವರ್ಷಕ್ಕೆ 27 ಸಾವಿರ ಲೀಟರ್ ನೀರು ಬೀಳುತ್ತದೆ, 50 ಮಿ.ಮೀ.ನ ಒಂದೇ ಮಳೆಗೆ 1,400 ಲೀಟರ್. ಮಣ್ಣಾಗಿದ್ದರೆ ಇದರಲ್ಲಿ ಒಂದು ಪಾಲನ್ನು ನೆಲವೇ ಕುಡಿಯುತ್ತಿತ್ತು. ಕಾಂಕ್ರೀಟು ಸುರಿದರೆ ಅಷ್ಟೂ ಬೀದಿಗೆ, ಬೀದಿಯಿಂದ ತಗ್ಗಿನಲ್ಲಿರುವ ಮತ್ತೊಬ್ಬರ ಮನೆಗೆ. ಕೆಲವರು ಅಂಗಳದ ನೀರನ್ನು ಒಳಚರಂಡಿಯ ಚೇಂಬರಿಗೇ ಬಿಡುತ್ತಾರೆ. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೂ ಒಂದು ಕಾರಣ.

ಇದು ನಮ್ಮ ಊರಿನ ತೊಡಕು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ 2007ರ ನೆರೆಯ ಬಳಿಕ, 2008ರ ಅಕ್ಟೋಬರಿನಿಂದ ಹೊಸ ನಿಯಮ ಬಂತು. ಮನೆಯ ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರು ಇಂಗದ ಹಾಸು ಹಾಕಿ, ಮಳೆನೀರು ಸ್ವಂತ ನೆಲದಲ್ಲೇ ಇಂಗುವ ಏರ್ಪಾಡು ಮಾಡದಿದ್ದರೆ ಅಲ್ಲಿ ಅನುಮತಿ ಪಡೆಯಬೇಕು. ಬೆಂಗಳೂರಿನಲ್ಲೂ 2009ರಲ್ಲಿ, ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು.

ಹಾಗಾದರೆ ದಾರಿ ಯಾವುದು? ಕಾರು ಚಲಿಸುವುದು ಗಾಲಿಗಳ ಮೇಲೆ, ನೆಲವೆಲ್ಲ ಕಲ್ಲಾಗಬೇಕಿಲ್ಲ. ಎರಡೆರಡು ಅಡಿ ಅಗಲದ, 16 ಅಡಿ ಉದ್ದದ ಎರಡು ಪಟ್ಟಿ ಹಾಕಿದರೆ 64 ಚದರಡಿಯಲ್ಲಿ ಕೆಲಸ ಮುಗಿಯುತ್ತದೆ. ನಡುವೆ ಹುಲ್ಲೋ ಜಲ್ಲಿಯೋ ಇರಲಿ. ಪೂರ್ತಿ ಹಾಸು ಬೇಕೆನ್ನುವವರು ಇಂಟರ್‌ಲಾಕ್ ಕಲ್ಲನ್ನು ಜಲ್ಲಿ ಮತ್ತು ಮರಳಿನ ಮೇಲೆ ಕೂರಿಸಬಹುದು. ಸಂದಿನಲ್ಲಿ ಸ್ವಲ್ಪ ನೀರಾದರೂ ಇಳಿಯುತ್ತದೆ. ಅದೇ ಕಲ್ಲನ್ನು ಕಾಂಕ್ರೀಟಿನ ಮೇಲೆ ಸಿಮೆಂಟು ಹಚ್ಚಿ ಅಂಟಿಸಿದರೆ ಆ ಗುಣ ಹೋಯಿತು. ನುಣುಪಾದ ಕಡಪ ಕಲ್ಲು ಮಳೆಗಾಲದಲ್ಲಿ ಜಾರುತ್ತದೆ. ವಯಸ್ಸಾದವರಿರುವ ಮನೆಗೆ ಒರಟು ಮೈಯ ಕಲ್ಲೇ ಲೇಸು. ಚಾವಣಿಯ ನೀರನ್ನು ಸೋಸಿ ಇಂಗುಬಾವಿಗೆ ಬಿಡಬಹುದು. ಆದರೆ ಕಾರಿನ ಎಣ್ಣೆ ತೊಟ್ಟಿಕ್ಕುವ ನೆಲದ ನೀರನ್ನು ನೇರವಾಗಿ ಬಾವಿಗೆ ಇಳಿಸಬಾರದು; ಅದಕ್ಕೆ ಗಿಡದ ಪಾತಿಯೇ ಸರಿ.

ಇನ್ನು ಕೆಲಸಗಾರನ ಮಾತು. ಮೇಸ್ತ್ರಿ ಎಂಬ ಪದ ನಮಗೆ ಪೋರ್ಚುಗೀಸರಿಂದ ಬಂದದ್ದು. ಅದರ ಮೂಲಾರ್ಥ ಗುರು, ಕಸುಬು ಬಲ್ಲವನು. ಗುತ್ತಿಗೆ ಎಂಬುದಾದರೋ ನಮ್ಮ ಶಾಸನಗಳಲ್ಲೇ ‘ಗುತ್ತಗೆ’ಯಾಗಿ ಕಾಣುವ ಮಾತು, ಗೊತ್ತಾದ ಮೊತ್ತಕ್ಕೆ ಭೂಮಿಯನ್ನೋ ಆದಾಯವನ್ನೋ ವಹಿಸಿಕೊಳ್ಳುವ ಕರಾರು. ಈಗ ಒಬ್ಬನೇ ವ್ಯಕ್ತಿ ಎರಡೂ ಪಾತ್ರ ವಹಿಸುವುದುಂಟು. ಮೇಸ್ತ್ರಿಯ ಗೌರವ ಕೆಲಸದಲ್ಲಿ, ಗುತ್ತಿಗೆದಾರನ ಲಾಭ ಉಳಿತಾಯದಲ್ಲಿ. ಅಂಗಳದ ಕೆಲಸದಲ್ಲಿ ಉಳಿತಾಯ ಮಾಡಲು ಸುಲಭವಾದ ಜಾಗವೆಂದರೆ ಕಣ್ಣಿಗೆ ಕಾಣದ ತಳ.

ಆದ್ದರಿಂದ ಚದರಡಿಗೆ ಎಷ್ಟು ಎಂದು ಕೇಳುವ ಮೊದಲು, ಎಷ್ಟು ಅಗೆಯುತ್ತೀರಿ ಎಂದು ಕೇಳಬೇಕು. ಸಡಿಲ ಮಣ್ಣು ತೆಗೆದು, ಜಲ್ಲಿ ಹರಡಿ, ಯಂತ್ರದಿಂದ ದಮ್ಮಸು ಮಾಡಿ, ಮೇಲೆ ತೆಳುವಾಗಿ ಮರಳು ಹಾಸಿ, ಅಂಚಿಗೆ ಕಟ್ಟು ಕೊಟ್ಟರೆ ಮಾತ್ರ ಕಲ್ಲು ಕದಲದೆ ನಿಲ್ಲುತ್ತದೆ. ಇದನ್ನೆಲ್ಲ ಬಿಟ್ಟು ಅಗ್ಗದ ದರ ಹೇಳಿದವನ ಹಾಸು ಒಂದೆರಡು ಮಳೆಗಾಲದಲ್ಲೇ ಗಾಲಿಯ ಜಾಡಿಗೆ ಕುಸಿಯುತ್ತದೆ. ಇಳಿಜಾರು ಯಾವ ಕಡೆಗೆ ಎಂಬ ಪ್ರಶ್ನೆಗೆ, ನೀರು ತುಂಬಿದ ಕೊಳವೆ ಹಿಡಿದು ಮಟ್ಟ ನೋಡದೆ ಉತ್ತರಿಸುವವನನ್ನು ನಂಬುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಸಂಪು. ಬೆಂಗಳೂರಿನ ಅನೇಕ ಮನೆಗಳಲ್ಲಿ ಕುಡಿಯುವ ನೀರಿನ ತೊಟ್ಟಿ ಇರುವುದು ಗೇಟಿನ ಒಳಗೆ, ಅಂಗಳದ ಅಡಿಯಲ್ಲೇ. ಜನ ಓಡಾಡಲೆಂದು ಹಾಕಿದ ಅದರ ಮುಚ್ಚಿಗೆ ಒಂದೂವರೆ ಟನ್ ತೂಕದ ಕಾರನ್ನು ತಡೆಯುತ್ತದೆಯೇ? ಇದನ್ನು ಹೇಳಬೇಕಾದವನು ಎಂಜಿನಿಯರು, ಅಂದಾಜಲ್ಲ. ಸಂಪಿನ ಬಾಯಿ ಸುತ್ತಲ ನೆಲಕ್ಕಿಂತ ಎತ್ತರವಿರದಿದ್ದರೆ ಅಂಗಳದ ಕೊಳೆನೀರು ಕುಡಿಯುವ ನೀರಿಗೆ ಸೇರುತ್ತದೆ. ಬಂದ ಕೂಡಲೇ ಸಂಪು ಎಲ್ಲಿದೆ, ಚೇಂಬರ್ ಎಲ್ಲಿದೆ ಎಂದು ತಾನಾಗಿ ವಿಚಾರಿಸುವ ಮೇಸ್ತ್ರಿ ಸಿಕ್ಕರೆ ಅರ್ಧ ಚಿಂತೆ ಕಳೆದಂತೆ.

ಅವನು ಮೊನ್ನೆ ಮುಗಿಸಿದ ಕೆಲಸ ತೋರಿಸಿದರೆ ಸಾಲದು. ಮೂರು ವರ್ಷ ಹಳೆಯದನ್ನು, ಸಾಧ್ಯವಾದರೆ ಮಳೆ ಬಂದ ಮರುದಿನ, ನೋಡಬೇಕು. ಅಗೆತದ ಆಳ, ಕಲ್ಲಿನ ದಪ್ಪ, ಅವಧಿ, ಮಣ್ಣು ಸಾಗಿಸುವ ಖರ್ಚು ಯಾರದ್ದು ಎಂಬುದು ಒಂದು ಹಾಳೆಯ ಮೇಲೆ ಬರಲಿ. ಹಣವನ್ನು ಹಂತ ಹಂತವಾಗಿ ಕೊಡಿ: ಸ್ವಲ್ಪ ಮುಂಗಡ, ತಳ ಮುಗಿದಾಗ ನೋಡಿ ಒಂದು ಕಂತು, ಕಲ್ಲು ಕೂತ ಮೇಲೆ ಇನ್ನೊಂದು, ಚಿಕ್ಕ ಬಾಕಿ ಒಂದು ದೊಡ್ಡ ಮಳೆಯ ನಂತರ. ಒಪ್ಪಿದ ದಿನ ಆ ಬಾಕಿಯನ್ನು ಚೌಕಾಸಿಯಿಲ್ಲದೆ ತೀರಿಸುವುದು ಮನೆಯವರ ಧರ್ಮ. ನಂಬಿಕೆ ಎರಡೂ ಕಡೆಯಿಂದ ನಡೆಯಬೇಕಾದ ವ್ಯವಹಾರ.

ತಳದ ಕೆಲಸ ನಡೆಯುವ ದಿನ ಮನೆಯವರೊಬ್ಬರು ಅಲ್ಲೇ ಇರುವುದು ಒಳ್ಳೆಯದು. ಕಲ್ಲು ಹಾಸಿದ ಮೇಲೆ ಕೆಳಗೇನಿದೆಯೆಂದು ಯಾರಿಗೂ ಕಾಣದು. ಅದನ್ನು ಹೇಳುವುದು ಮಳೆಯೊಂದೇ. ತುಳಸಿಕಟ್ಟೆಗೂ ರಂಗೋಲಿಗೂ ಒಂದಿಷ್ಟು ಜಾಗ ಬಿಡಿಸಿಕೊಂಡರೆ ಕಾರು ನಿಂತ ಮೇಲೂ ಅದು ಅಂಗಳವಾಗಿಯೇ ಉಳಿದೀತು.