ಸೇತುವೆ ಮೊದಲು, ಕ್ಯೂಸೆಕ್ ಆಮೇಲೆ

ಚಿಕ್ಕೋಡಿಯ ಆ ಸಭಾಂಗಣದ ಬಾಗಿಲಲ್ಲಿ ಒದ್ದೆ ಕೊಡೆಗಳು ಕಾಲು ಚಾಚಿ ಮಲಗಿದ್ದವು. ಪಕ್ಕದ ಚಪ್ಪಲಿ ರಾಶಿಯಲ್ಲಿ ಅಥಣಿಯ ಮೆಟ್ಟು ಯಾವುದೆಂದು ಮಳೆ ಕುಡಿದ ತೊಗಲಿನ ವಾಸನೆಯೇ ಹೇಳುತ್ತಿತ್ತು. ಒಳಗೆ ಕೀಲಿಮಣೆಗಳ ಟಪಟಪ, ಫ್ಯಾನಿನ ಗರಗರ, ಸಾಲಿನಿಂದ ಸಾಲಿಗೆ ಕಳ್ಳಹೆಜ್ಜೆಯಲ್ಲಿ ದಾಟುತ್ತಿರುವ ಭಡಂಗದ (ಖಾರದ ಚುರುಮುರಿ) ಪೊಟ್ಟಣ. ರಾಯಬಾಗ, ಅಥಣಿಯವರಲ್ಲದೆ, 2018ರಲ್ಲಿ ಚಿಕ್ಕೋಡಿಯಿಂದ ಬೇರೆಯಾದ ನಿಪ್ಪಾಣಿಯವರೂ ಅಥಣಿಯಿಂದ ಬೇರೆಯಾದ ಕಾಗವಾಡದವರೂ ಬಂದಿದ್ದರು. ಕರವಸೂಲಿಯವರು, ಕಾರ್ಯದರ್ಶಿಗಳು, ಗ್ರಂಥಾಲಯ ನೋಡಿಕೊಳ್ಳುವ ಅಕ್ಕಂದಿರು. ಪಂಚಾಯಿತಿಯ ಸೂಚನೆ ಜಾಲತಾಣಕ್ಕೆ, ಮೊಬೈಲಿಗೆ ಹೋಗುವಾಗ ಹೇಗಿರಬೇಕು ಅನ್ನುವುದೇ ಅವತ್ತಿನ ಪಾಠ.

‘ಡ ಎಲ್ಲೈತ್ರಿ?’

‘ಡಬ್ಲ್ಯೂದಾಗ ಒತ್ರಿ ಅಕ್ಕಾರ.’

ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಕೀಲಿಮಣೆಯಲ್ಲಿ ‘ಚಿಕ್ಕೋಡಿ’ಗೆ ಎಂಟು ಬಡಿತ, ಕಕಾರಕ್ಕೆ ಒತ್ತು ಕೊಡಲು ನಡುವೆ ಒಮ್ಮೆ ‘ಎಫ್’ ಮುಟ್ಟಬೇಕು. ಅಕ್ಕನ ತೋರುಬೆರಳು ಕೋಳಿ ಕಾಳು ಹೆಕ್ಕಿದಂತೆ ಹುಡುಕಿ ಹುಡುಕಿ ಕುಕ್ಕುತ್ತಿತ್ತು. ಪಕ್ಕದವರು ಮಾತ್ರ ಹಳೇ ಫಾಂಟಿನ ಕಡತದಿಂದ ಸೂಚನೆಯೊಂದನ್ನು ಎತ್ತಿ ಅಂಟಿಸಿದರು. ಪರದೆಯ ಮೇಲೆ ಕನ್ನಡ ಹೋಗಿ ಕೊಂಬು, ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳು! ಯುನಿಕೋಡಿಗೆ ಬದಲಿಸಿದ ಮೇಲೆಯೇ ಸಾಲುಗಳಿಗೆ ಜೀವ ಬಂದದ್ದು.

ಜೀವ ಬಂದ ಮೇಲೆ ಓದಿದರೆ, ಅಯ್ಯೋ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ, ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಬಂತು ಎಂದು ಲೆಕ್ಕ ಒಪ್ಪಿಸಿ, ‘ಸದರಿ’ಗಳನ್ನು ದಾಟಿ ಏಳನೇ ಸಾಲಿಗೆ ಬಂದಾಗ ಕಲ್ಲೋಳ–ಯಡೂರ ಸೇತುವೆ ಮುಳುಗಿದ ಸುದ್ದಿ! ಅಷ್ಟರೊಳಗೆ ಬೈಕಿನವನು ನೀರಿಗೆ ಇಳಿದೇ ಬಿಟ್ಟಿರುತ್ತಾನೆ.

‘ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ 28 ಲೀಟರ್ ಚಿಲ್ಲರೆ,’ ಎಂದರು ಕಲಿಸುವವರು. ‘ಎಮ್ಮಿ ಹೊಡ್ಕೊಂಡು ಹೊಂಟಾಂವ ಗುಣಾಕಾರ ಮಾಡ್ತಾನೇನ್ರಿ?’

2019ರ ಆಗಸ್ಟಿನ ಮಹಾಪೂರ ಕಂಡವರೇ ಅಲ್ಲಿ ಹೆಚ್ಚು. ನಗಲು ತುಸು ಹೊತ್ತು ಹಿಡಿಯಿತು. ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು, ಜನ ಕೇಳುವ ಮೊದಲೇ ಮಾಹಿತಿ ಕೊಡಿ ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು. ‘ಸದರಿ’ ಯಾವ ಸ್ಥಳದ ಭಾಷೆಯೋ ನಾನರಿಯೆ. ಡಂಗುರ ಸಾರುವವನಿಗೆ (ಇಲ್ಲಿನ ಮರಾಠಿ ಬಾಯಲ್ಲಿ ಅದು ದವಂಡಿ) ಈ ವಿದ್ಯೆ ಯಾರೂ ಕಲಿಸಿರಲಿಲ್ಲ. ಹಲಗೆಗೆ ನಾಲ್ಕು ಪೆಟ್ಟು, ಆಮೇಲೆ ನೇರ ಸುದ್ದಿ. ಅವನ ಗಂಟಲಿಗೆ ಪೀಠಿಕೆ ಕಟ್ಟಿಬರುತ್ತಿರಲಿಲ್ಲ.

ಮಧ್ಯಾಹ್ನದ ಚಹಾ ಹೊತ್ತಿಗೆ ಏಳು ಸಾಲು ಎರಡಾಗಿದ್ದವು: ‘ಕಲ್ಲೋಳ–ಯಡೂರ ಸೇತುವೆ ಮುಳುಗಿದೆ. ದಾಟಬೇಡಿ.’ ಬರೆದ ಹುಡುಗನಿಗೆ ಹಿಗ್ಗೋ ಹಿಗ್ಗು. ಫೋನು ಹಚ್ಚಿ ಅವ್ವನಿಗೆ ಓದಿ ಹೇಳಿದ. ಆಚೆ ದನಿ ಎಷ್ಟು ಜೋರಿತ್ತೆಂದರೆ ಮೂರು ಸಾಲಿಗೂ ಕೇಳಿತು.

‘ಮತ್ತ ನಾ ಯಾವ ಹಾದ್ಯಾಗ ಬರ್ಲೋ?’

ಹುಡುಗ ಚಹಾದ ಲೋಟ ಕೆಳಗಿಟ್ಟು ಮತ್ತೆ ಕೀಲಿಮಣೆ ಎಳೆದುಕೊಂಡ.