ಕೆಂಪುಗಣ್ಣಿನ ನಾಯಿಗೆ ಅಜ್ಜನ ಡ್ರಾಪ್ಸ್ ಬೇಡ

ರಾಗಿ ಕೊಯ್ದ ಹೊಲ, ಆಲೂಗಡ್ಡೆ ಕಿತ್ತ ಸಾಲು, ತೆಂಗಿನ ತೋಟದ ಬೇಲಿ: ಹಾಸನ ಸೀಮೆಯ ನಾಯಿ ಮೂಗು ತೂರಿಸದ ಜಾಗವಿಲ್ಲ. ಉತ್ತರಾಣಿಯ ಕಾಯಿ ಚುಚ್ಚಿದರೂ ಸಾಕು, ಎಕ್ಕದ ಹಾಲು ಸಿಡಿದರೂ ಸಾಕು; ಬೆಕ್ಕು ಪರಚಿದರಂತೂ ಕೇಳುವುದೇ ಬೇಡ. ಬೆಳಗ್ಗೆ ಗೇಟಿನ ಬಳಿ ಬೊಗಳುತ್ತಿದ್ದ ನಾಯಿ ಸಂಜೆಗೆ ಒಂದು ಕಣ್ಣು ಕಿರಿದು ಮಾಡಿಕೊಂಡು ಮಂಚದ ಕೆಳಗೆ ಸೇರುತ್ತದೆ. ಕಣ್ಣಲ್ಲಿ ನೀರು, ಪಿಸುರು, ಮುಂಗಾಲಿನಿಂದ ಬಿಡದೆ ಉಜ್ಜಾಟ.

ಆಗ ಮನೆಯವರ ಕೈ ಹೋಗುವುದು ಫ್ರಿಜ್ಜಿನ ಬಾಗಿಲಲ್ಲಿ ಉಳಿದ ಡ್ರಾಪ್ಸ್ ಕಡೆಗೆ. ಅಜ್ಜನ ಪೊರೆ ಆಪರೇಷನ್ ಆದಾಗ ಕೊಟ್ಟದ್ದು. ಅನಾಹುತ ಶುರುವಾಗುವುದು ಇಲ್ಲೇ.

ಅಂಥ ಹನಿಗಳಲ್ಲಿ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿಸುವುದರಲ್ಲಿ ಅದು ಗಟ್ಟಿ. ಆದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಗಾಯವಿದ್ದರೆ, ಅದು ಮಾಯದಂತೆ ತಡೆದು ಸೋಂಕಿಗೆ ದಾರಿ ಮಾಡಿಕೊಡುತ್ತದೆ. ನಾಯಿಯ ಕಾರ್ನಿಯಾದ ದಪ್ಪವೇ ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಕೆಟ್ಟ ಹುಣ್ಣು ತೂತಾಗುವಷ್ಟು ಆಳಕ್ಕಿಳಿಯಲು ಒಂದೆರಡು ದಿನ ಸಾಕಾಗಬಹುದು. ತುಂಬೆರಸ, ಎದೆಹಾಲುಗಳನ್ನೂ ದೂರವಿಡುವುದೇ ಲೇಸು.

ಗಾಯ ಪತ್ತೆಹಚ್ಚುವ ಬಗೆ ನೋಡಲು ಸೊಗಸು. ಕಿತ್ತಳೆ ತುದಿಯ ಕಾಗದದ ಪಟ್ಟಿಯೊಂದನ್ನು ಸಲೈನ್‌ನಲ್ಲಿ ಒದ್ದೆ ಮಾಡಿ ರೆಪ್ಪೆಯೊಳಗೆ ಸೋಕಿಸುತ್ತಾರೆ. ನಾಯಿ ಕಣ್ಣು ಮಿಟುಕಿಸುತ್ತಿದ್ದಂತೆ ಬಣ್ಣ ಹರಡುತ್ತದೆ. ಹೆಚ್ಚಾದದ್ದನ್ನು ತೊಳೆದು ನೀಲಿ ಬೆಳಕು ಬಿಟ್ಟರೆ, ಗಾಯವಿರುವ ಕಡೆ ಮಾತ್ರ ಹಸಿರು ಹೊಳೆಯುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದ ಫ್ಲೋರೆಸೀನ್ ಇದು. ಕಣ್ಣೀರು ಅಳೆಯಲು ಇನ್ನೊಂದು ಪಟ್ಟಿಯಿದೆ: 1 ನಿಮಿಷದಲ್ಲಿ 15 ಮಿ.ಮೀ. ಒದ್ದೆಯಾದರೆ ಚಿಂತೆಯಿಲ್ಲ, 10ಕ್ಕಿಂತ ಕಡಿಮೆಯಾದರೆ ಒಣಗಣ್ಣಿನ ಅನುಮಾನ. ಬಣ್ಣದ ಪರೀಕ್ಷೆ ಆಗದೆ ಸ್ಟೀರಾಯ್ಡ್ ಬರೆದರೆ, ಏಕೆಂದು ಕೇಳಲು ನಾಯಿಯ ಯಜಮಾನರು ಸಂಕೋಚಪಡಬೇಕಿಲ್ಲ.

ಕೆಂಪಿನ ಮೂಲ ಕಣ್ಣಿನಲ್ಲೇ ಇರಬೇಕೆಂದೂ ಇಲ್ಲ. ಉಣುಗು ಕಚ್ಚಿ ಬರುವ ಎರ್ಲಿಕಿಯಾ ಸೋಂಕು ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತದೆ. ಕಣ್ಣಿನೊಳಗೆ ಉರಿಯೂತ, ಕೆಲವೊಮ್ಮೆ ರಕ್ತಸ್ರಾವ. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕ ಸೇನೆಯ ಜರ್ಮನ್ ಶೆಫರ್ಡ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು ಇದೇ ರೋಗ. ಕೆಂಪುಗಣ್ಣಿನ ಜೊತೆ ಜ್ವರ, ಊಟ ಬಿಡುವುದು, ಮೂಗಲ್ಲಿ ರಕ್ತ ಕಂಡರೆ ರಕ್ತಪರೀಕ್ಷೆ ಆಗಲೇಬೇಕು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 4 ವಾರ ಕೊಡುತ್ತಾರೆ. ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸುವಂತಿಲ್ಲ.

ಚಪ್ಪಟೆ ಮೂತಿಯ ಪಗ್, ಶಿಟ್ಜುಗಳ ಕಥೆ ಬೇರೆ. ಗುಣಿ ಆಳವಿಲ್ಲದ್ದರಿಂದ ಜಗಳವಾದರೆ, ಕುತ್ತಿಗೆ ಬಿಗಿಯಾಗಿ ಹಿಡಿದರೆ ಗುಡ್ಡೆಯೇ ಹೊರಬರಬಹುದು. ಅದನ್ನು ಒಳಗೆ ತಳ್ಳಲು ಹೋಗದೆ, ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಓಡಬೇಕು. ಮರಿಗಳ ಕಣ್ಣಿನ ಮೂಲೆಯಲ್ಲಿ ಕೆಂಪು ಉಂಡೆ ಕಂಡರೆ ಅದು ಚೆರಿ ಐ, ಅಂದರೆ ಮೂರನೇ ರೆಪ್ಪೆಯ ಗ್ರಂಥಿ ಜಾರಿರುವುದು. ಕಣ್ಣೀರಿನ ಸುಮಾರು ಮೂರನೇ ಒಂದು ಪಾಲು ಬರುವುದು ಅದರಿಂದಲೇ. ಆದ್ದರಿಂದ ಕತ್ತರಿಸಿ ತೆಗೆಯುವ ಬದಲು ಒಳಗೆ ಕೂರಿಸಿ ಹೊಲಿಸುವುದು ಸರಿಯಾದ ದಾರಿ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಮೊದಲು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಬಹುದು. ಶಸ್ತ್ರಚಿಕಿತ್ಸೆ ಬೇಕೆಂದರೆ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಹಾಸನದ ಪಶುವೈದ್ಯಕೀಯ ಕಾಲೇಜಿದೆ. ಮೂರೂ ಊರುಗಳಿಂದ ಸುಮಾರು 30ರಿಂದ 40 ಕಿ.ಮೀ. ಹೊರಡುವ ಮುನ್ನ ಉಜ್ಜದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿ. ಆಗಲೇ ಏನಾದರೂ ಹನಿ ಹಾಕಿದ್ದರೆ ಮುಚ್ಚಿಡದೆ ಆ ಬಾಟಲಿಯನ್ನೂ ವೈದ್ಯರ ಮುಂದಿಡಿ.